ಮೂರು ಗೆರೆ ಇಲ್ಲದ ಅಳಿಲು

ನನ್ನ ಭಾವನಷ್ಟು ಭಯಂಕರ ಬೇಟೆಗಾರ ಇಡೀ ಸ್ಯಾನ್ ಡಿಯಾಗೋದಲ್ಲಿ ಇನ್ನೊಬ್ಬರಿಲ್ಲ! ಕೈಮೇಲೆ ಸೊಳ್ಳೆ ಕೂತರೆ ಉಫ್ ಎಂದು ಊದಿ ಕಳಿಸುವ, ಜಿರಲೆ ಕಂಡರೆ ಅಕ್ಕನನ್ನು ಕೂಗುವ ಈ ಮಹಾಶಯರು ಒಂದು ಶನಿವಾರ ನನಗೆ ಫೋನ್ ಮಾಡಿ, "ಬೇಗ ಬಾರಯ್ಯ, ರೈಫಲ್ ತಗೋಬೇಕು" ಎಂದರು. ಕಾರ್ಮೆಲ್ ವ್ಯಾಲಿಯ ನನ್ನ ಮನೆಯಿಂದ ಪೊವೇಯ ಅವರ ಮನೆಗೆ ನಾನು ಅಷ್ಟು ಬೇಗ ಎಂದೂ ಡ್ರೈವ್ ಮಾಡಿದ್ದಿಲ್ಲ.

ಕಾರಣ, ಅವರೆಕಾಯಿ. ಆ ವರ್ಷ ಕಾಯಿಲೆಗೆ ಕೊಟ್ಟ ಔಷಧಿ ಅಕ್ಕನ ನಾಲಗೆಯ ರುಚಿಯನ್ನೇ ಕಿತ್ತುಕೊಂಡಿತ್ತು. ಏನು ಕೊಟ್ಟರೂ "ಮಣ್ಣು ತಿಂದಂಗಿದೆ" ಎಂದು ತಟ್ಟೆ ಸರಿಸುತ್ತಿದ್ದಳು. ಒಮ್ಮೆ ಮಾತ್ರ, "ಹಿತಕಿದ ಬೇಳೆ ಸಾರಿದ್ದಿದ್ರೆ ಎರಡು ತುತ್ತು ಹೋಗ್ತಿತ್ತೇನೋ" ಎಂದಳು. ಅಷ್ಟೇ! ಭಾವ ಹಿತ್ತಲೆಲ್ಲ ಅಗೆದು ಅವರೆ ಹಾಕಿದರು. ಗಿಡ ಹೂ ಬಿಡುತ್ತಿದ್ದಂತೆ, ನೆಲದಲ್ಲಿ ಬಿಲ ತೋಡುವ ಇಲ್ಲಿನ ಅಳಿಲುಗಳಿಗೂ ಸುದ್ದಿ ಮುಟ್ಟಿತು. ಅರ್ಧ ಪಾತಿ ಖಾಲಿ.

"ಅಳಿಲನ್ನ ಕೊಲ್ತೀರಾ ಭಾವ? ಪಾಪ ಬರಲ್ವಾ?"

"ಯೋಚನೆ ಮಾಡಿದೀನಿ. ನಮ್ಮ ಕಡೆ ಅಳಿಲಿಗೆ ಬೆನ್ನ ಮೇಲೆ ದೇವರು ಸವರಿದ ಮೂರು ಗೆರೆ ಇರತ್ತೆ. ಇದಕ್ಕೆ ಒಂದಾದ್ರೂ ಇದ್ಯಾ, ನೋಡು! ದೇವರು ಮುಟ್ಟೇ ಇಲ್ಲ ಇದನ್ನ."

ಧರ್ಮಸೂಕ್ಷ್ಮ ಎಂದರೆ ಇದು!

ಭಾವ ಟೆಲಿಕಾಂ ಎಂಜಿನಿಯರ್. ಸ್ಪ್ರೆಡ್‌ಶೀಟ್ ಇಲ್ಲದೆ ಚಪ್ಪಲಿಯನ್ನೂ ಕೊಳ್ಳುವವರಲ್ಲ. ತೋಟಾಗಳಲ್ಲೇ ಮೂರು ಅಳತೆ. ಟ್ವೆಂಟಿ ಟೂ ಸದ್ದು ಕಡಿಮೆ, ಆದರೆ ದೂರ ಹೋದಂತೆ ಗುಂಡು ಕೆಳಗಿಳಿಯುತ್ತದೆ. ಸೆವೆಂಟೀನ್ ನೇರ ಹೋಗುತ್ತದೆ, ಆದರೆ ಗಾಳಿಗೆ ಸರಿಯುತ್ತದೆ. ಕಿವಿಗಡಚಿಕ್ಕುವ ಟೂ ಟ್ವೆಂಟಿ ತ್ರೀ ಹಾರಿಸಿದರೆ ಅಳಿಲಿನ ಜೊತೆ ಪಕ್ಕದ ಮನೆಯವರ ಸ್ನೇಹವೂ ಹೋಗುತ್ತದೆ! ಇಲ್ಲಿನ ಕಾನೂನಿನಂತೆ ಬೇಟೆಗೆ ಸೀಸದ ಗುಂಡು ಕೂಡದು, ತಾಮ್ರದ್ದಾಗಬಹುದು ಎಂದು ಓದಿದಾಗಲಂತೂ ಹಿಗ್ಗಿಹೋದರು. "ತಾಮ್ರ ಮಡಿ ಕಣಯ್ಯ!"

ಬೇಗ ಬಾ ಎಂದವರದ್ದು ಆಮೇಲೆ ಮೂರು ವಾರ ಇದೇ ಲೆಕ್ಕಾಚಾರ. ಅಡುಗೆಮನೆ ಬಾಗಿಲಿನಿಂದ ಅವರೆ ಪಾತಿಗೆ ಎಷ್ಟು ದೂರ ಅಂತೀರಿ? ಇಪ್ಪತ್ತು ಹೆಜ್ಜೆ! ಅಷ್ಟರಲ್ಲಿ ಕಾಲು ಪಾತಿಯಷ್ಟೇ ಉಳಿದಿತ್ತು.

ಕಡೆಗೂ ಬಂದೂಕಿನ ಅಂಗಡಿಗೆ ಹೋದೆವು. ಬಿಳಿ ಗಡ್ಡದ ಅಂಗಡಿಯವನು ಒಂದು ಟ್ವೆಂಟಿ ಟೂ ತೆಗೆದು ಕೊಟ್ಟ. ಭಾವ ಎರಡೂ ಕೈಯಲ್ಲಿ ಇಸಕೊಂಡವರೇ, ಆಯುಧ ಪೂಜೆಯ ಅಭ್ಯಾಸಬಲದಿಂದ, ಥಟ್ಟನೆ ಕಣ್ಣಿಗೊತ್ತಿಕೊಂಡುಬಿಟ್ಟರು! ಅವನ ಮುಖ ಗಡ್ಡಕ್ಕಿಂತ ಬಿಳಿಯಾಯಿತು. ಬಂದೂಕು ಕಿತ್ತುಕೊಂಡು, ಸುಧಾರಿಸಿಕೊಂಡು, ಎಲ್ಲಿ ಹೊಡೆಯುತ್ತೀರಿ ಎಂದು ಕೇಳಿದ. ನಮ್ಮ ಹಿತ್ತಲಲ್ಲಿ ಎಂದರು ಭಾವ. ಊರೊಳಗೆ ಗುಂಡು ಹಾರಿಸಿದರೆ ಅಳಿಲಿಗಿಂತ ಮೊದಲು ಪೊಲೀಸರು ಬರುತ್ತಾರೆ ಎಂದ ಅವನು.

"ಶೀಟಲ್ಲಿ ಆ ಕಾಲಮ್ಮೇ ಹಾಕ್ಲಿಲ್ವಲ್ಲಯ್ಯ!" ಎಂದು ಬರಿಗೈಯಲ್ಲಿ ವಾಪಸಾಗುವ ದಾರಿಯುದ್ದಕ್ಕೂ ಭಾವ ಹಲುಬಿದರು.

ಸೋಮವಾರದಿಂದ ಪಾತಿಯ ಪಕ್ಕದಲ್ಲೇ ಭಾವನ ಕುರ್ಚಿ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕೈಯಲ್ಲಿ ಸ್ಟೀಲ್ ತಟ್ಟೆ, ಸೌಟು. ಅಳಿಲು ತಲೆ ಎತ್ತಿದರೆ ಆಫೀಸಿನ ಮೀಟಿಂಗ್ ನಡುವೆಯೂ ಢಣಢಣ! ಯಾವುದೋ ಹಬ್ಬವಿರಬೇಕೆಂದು ಅವರ ಮ್ಯಾನೇಜರ್ ಶುಭಾಶಯ ಹೇಳಿದನಂತೆ. ಶನಿವಾರ, ಭಾನುವಾರ ತಟ್ಟೆ ನನ್ನ ಕೈಗೆ. ಅಳಿಲು ಸೇವೆ ಎಂದರೆ ಇದೇ ತಾನೇ?

ಕೊನೆಗೆ ದಕ್ಕಿದ್ದು ಎರಡು ಹಿಡಿ ಕಾಳು. ಭಾವ ತಾವೇ ನೆನೆಹಾಕಿ, ಒಂದೊಂದಾಗಿ ಸಿಪ್ಪೆ ಹಿತಕಿ, ಸಾರು ಮಾಡಿ, ಬಿಸಿ ಅನ್ನಕ್ಕೆ ಹಾಕಿ ಅಕ್ಕನ ಮುಂದಿಟ್ಟರು. ಅವಳು ಒಂದು ತುತ್ತು ಬಾಯಿಗಿಟ್ಟಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಹುಬ್ಬು ಗಂಟಿಕ್ಕಿತು.

"ಏನ್ರೀ ಇದು? ಉಪ್ಪು ಜಾಸ್ತಿ ಆಗಿದೆ!"

ತಮ್ಮ ಅಡುಗೆಗೆ ಕೊಂಕು ತೆಗೆದರೆ ಮೂರು ದಿನ ಮಾತು ಬಿಡುವ ಭಾವ ಸೌಟು ಹಿಡಿದುಕೊಂಡೇ ಅವಳ ಪಕ್ಕ ಕುಸಿದು ಕೂತರು. ಕಣ್ಣು ತುಂಬಿತ್ತು.

"ಇನ್ನೊಂದ್ಸಲ ಹೇಳೇ" ಎಂದರು.

ಅಕ್ಕ ಹೇಳಿದಳು. ತಟ್ಟೆ ಖಾಲಿಯಾಗುವವರೆಗೂ ಹೇಳುತ್ತಲೇ ಇದ್ದಳು.