ಕೇಕಿನ ಮೇಲೆ ಬೇಡವಾದ ಪದ

"ಇವಳ ಕೈಲಿ ಆಗಲ್ಲ" ಎಂದವರು ನನ್ನ ಭಾವ. ಅಮೆರಿಕಕ್ಕೆ ಬಂದ ಹೊಸದರಲ್ಲಿ, ಊಟದ ಟೇಬಲ್ ಮುಂದೆ, ನಾನು ಬಡಿಸುತ್ತಿರುವಾಗಲೇ ಹೇಳಿದರು. "ಮೆಟ್ರೋದಲ್ಲಿ ದಾರಿ ಕೇಳೋಕೆ ಇಂಗ್ಲಿಷ್ ಬರಲ್ಲ, ಇವಳು ಅಂಗಡಿ ಇಡ್ತಾಳಂತೆ!" ನಾನು ಸಾರು ಬಡಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ. ಅವರು ಅವತ್ತು ಬರೀ ಅನ್ನ ತಿಂದರು.

ವಾಷಿಂಗ್ಟನ್ ಪಕ್ಕದ ಗೈದರ್ಸ್‌ಬರ್ಗಿನ ಒಂದು ಬೇಕರಿಯಲ್ಲಿ ಟ್ರೇ ತೊಳೆಯಲು ಸೇರಿದೆ. ಯಜಮಾನಿ ಕೆರೊಲಿನಾ ಕಡೆಯ ಮುದುಕಿ, ಒಂಟಿ. ನಾನು ಲೈಬ್ರರಿಯಿಂದ ಪುಸ್ತಕ ತಂದು ಓದಿ ಓದಿ ಇಂಗ್ಲಿಷ್ ಕಲಿತೆ. ಅಕ್ಷರ ದುಂಡಗಿದೆ ಎಂದು ಕೇಕಿನ ಮೇಲೆ ಬರೆಯುವ ಕೆಲಸ ಕೊಟ್ಟರು. ಒಂದು ದಿನ, "ನಾನು ಬಿಟ್ಟ ದಿನ ಅಂಗಡಿ ನಿನಗೇ ಮಾರ್ತೀನಿ. ಆದರೆ ಯಾವಾಗ ಅಂತ ಕೇಳಬೇಡ" ಎಂದರು. ನಾನು ಕೇಳಲಿಲ್ಲ. ಬೆಳಗಿನ ಜಾವ ಕಿಟಕಿ ಗಾಜಿಗೆ ಆವಿ ಕಟ್ಟಿದಾಗ ಬೆರಳಿನಿಂದ ನನ್ನ ಹೆಸರು ಬರೆಯುತ್ತಿದ್ದೆ. ಓವನ್ ಕಾವಿಗೆ ಅದು ನಿಧಾನವಾಗಿ ಕರಗಿ ಇಳಿಯುತ್ತಿತ್ತು. ಹೊರಗೆ ಚೆರ್ರಿ ಹೂವು ಉದುರುತ್ತಿತ್ತೋ, ಒಳಗೆ ಮೈದಾ ಹಾರುತ್ತಿತ್ತೋ, ಆ ಹೊತ್ತಿನಲ್ಲಿ ಗೊತ್ತಾಗುತ್ತಿರಲಿಲ್ಲ.

ವಾಷಿಂಗ್ಟನ್ ಸುತ್ತಮುತ್ತ ಸರ್ಕಾರಿ ನೌಕರರು ಜಾಸ್ತಿ. ಹಾಗಾಗಿ ವಾರಕ್ಕೊಬ್ಬರಾದರೂ ರಿಟೈರ್ ಆಗುತ್ತಿದ್ದರು, ಬೀಳ್ಕೊಡುಗೆಯ ಕೇಕು ನಮ್ಮಲ್ಲೇ ಬರೆಸುತ್ತಿದ್ದರು, ವಾರಕ್ಕೊಂದಾದರೂ ತಮಾಷೆ ನಡೆಯುತ್ತಿತ್ತು.

ಲ್ಯಾಬಿನ ಸಾಹೇಬರು

ಸರ್ಕಾರಿ ಲ್ಯಾಬಿನ ವಿಜ್ಞಾನಿಯೊಬ್ಬರು ಹೆಂಡತಿ ಜೊತೆ ಬಂದರು. ತಮ್ಮ ಕೇಕನ್ನು ತಾವೇ ಆರ್ಡರ್ ಮಾಡುವ ಪೈಕಿ.

"ರಿಟೈರ್ ಅಂತ ಬರೀಬೇಡಿ. ಕಥೆ ಮುಗೀತು ಅನ್ನೋ ಹಾಗಿದೆ."

ನಾನು ಸಮಾನಾರ್ಥಕ ಪದಗಳ ದಪ್ಪ ಪುಸ್ತಕ ತೆಗೆದೆ. "ಸ್ಟೆಪ್ ಡೌನ್?"

"ಏನೋ ಹಗರಣ ಮಾಡಿ ಸಿಕ್ಕಿಬಿದ್ದ ಹಾಗಿದೆ."

"ವಿತ್‌ಡ್ರಾ?"

"ಯುದ್ಧದಲ್ಲಿ ಸೋತ ಹಾಗಿದೆ."

"ಡಿಪಾರ್ಟ್?"

"ಅಮ್ಮಾ, ಇನ್ನೂ ಬದುಕಿದೀನಿ."

ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: "ಇನ್ಮೇಲೆ ಇಡೀ ದಿನ ಮನೇಲೇ, ಅಡುಗೆಮನೆಯಲ್ಲಿ ನನ್ನ ಜೊತೆ. ಹಾಗೆ ಬರೀರಿ."

ಸಾಹೇಬರು ಒಂದು ಕ್ಷಣ ಹೆಂಡತಿಯನ್ನೇ ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ, "ರಿಟೈರ್ ಅಂತಲೇ ಬರೀರಿ. ಪರವಾಗಿಲ್ಲ, ಒಳ್ಳೇ ಪದ" ಎಂದರು.

ಐವತ್ತೆಂಟರ ಅಂಕಲ್

ಹತ್ತಿರದ ರೆಸ್ಟನ್ ಊರಿನಲ್ಲಿ ಹುಬ್ಬಳ್ಳಿ ಕಡೆಯ ಎಂಜಿನಿಯರ್ ಅಂಕಲ್ ಇದ್ದರು. ಊರಲ್ಲಿ ಅವರ ಅಪ್ಪ, ಚಿಕ್ಕಪ್ಪ, ಮಾವ ಎಲ್ಲರೂ ಸರ್ಕಾರಿ ಕೆಲಸದವರು, ಎಲ್ಲರೂ ಐವತ್ತೆಂಟಕ್ಕೆ ನಿವೃತ್ತರು. ಇವರೂ ಐವತ್ತೆಂಟು ತುಂಬಿದ ದಿನ ಸೂಟು ಹಾಕಿ ಆಫೀಸಿಗೆ ಹೋಗಿ, ಹಾರ ತುರಾಯಿಗೆ ಕಾದು ಕುಳಿತರು. ಇತ್ತ ಅವರ ಮನೆಯಲ್ಲಿ ಶಾಲು, ಫಲತಾಂಬೂಲ, ಅಕ್ಕಪಕ್ಕದ ಕನ್ನಡದವರು, ಜೊತೆಗೆ 'ಹ್ಯಾಪಿ ರಿಟೈರ್‌ಮೆಂಟ್' ಎಂದು ಬರೆದ ಕೇಕು ಹಿಡಿದ ನಾನು.

ಸಂಜೆ ಅಂಕಲ್ ಮುಖ ಇಳಿಬಿಟ್ಟು ಬಂದರು.

"ಏನಾತ್ರೀ?" ಎಂದರು ಆಂಟಿ.

"ಯಾರೂ ಏನೂ ಅನ್ನಲಿಲ್ಲ. ಕಡೀಗೆ ನಾನೇ ಮ್ಯಾನೇಜರ್ ಹತ್ರ ಹೋಗಿ, ಇವತ್ತಿಗೆ ಐವತ್ತೆಂಟು ಅಂದೆ. ಹ್ಯಾಪಿ ಬರ್ತ್‌ಡೇ ಅಂದು ಹೊಸಾ ಪ್ರಾಜೆಕ್ಟ್ ಕೊಟ್ಟು ಕಳಿಸಿದ."

ಈ ದೇಶದಲ್ಲಿ ವಯಸ್ಸಾಯಿತೆಂದು ಯಾರೂ ಮನೆಗೆ ಕಳಿಸುವುದಿಲ್ಲ, ತಾನಾಗಿಯೇ ಹೊರಡಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಚಾಕುವಿನಿಂದ ಕೇಕಿನ ಮೇಲಿನ ಅಕ್ಷರ ಕೆರೆದು ಹುಟ್ಟುಹಬ್ಬ ಮಾಡಿಕೊಟ್ಟೆ. ಶಾಲು ಮಾತ್ರ ಹೊದಿಸಿಯೇ ಬಿಟ್ಟರು. ಆಂಟಿ ಹೇಳಿದರು: "ನಾಳೆ ಆಫೀಸಿಗೆ ಹೊದ್ಕೊಂಡು ಹೋಗ್ರಿ, ಏಸಿ ಭಾಳ ಇರ್ತದ."

ಯಜಮಾನಿ

ವರ್ಷಗಳು ಉರುಳಿದವು. ಎಲ್ಲರ ಕೇಕೂ ಆಯಿತು, ನಮ್ಮ ಯಜಮಾನಿಯದು ಮಾತ್ರ ಇಲ್ಲ. ಗಾಜಿನ ಮೇಲೆ ಹೆಸರು ಬರೆಯುವುದು, ಅದು ಕರಗುವುದು ನಡೆದೇ ಇತ್ತು. ಭಾವ ಬಂದಾಗಲೆಲ್ಲ, "ಏನಮ್ಮಾ, ಅಂಗಡಿ ಆಯ್ತಾ?" ಎಂದು ಕೇಳಿ, ಪುಕ್ಕಟೆ ಬನ್ನು ತಿಂದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಯಜಮಾನಿ ಏಪ್ರನ್ ಬಿಚ್ಚಿ ಕೌಂಟರ್ ಮೇಲಿಟ್ಟರು. "ಮಂಡಿ ನೋವು. ತಂಗಿ ಮನೆಗೆ ಹೋಗ್ತೀನಿ, ಕೆರೊಲಿನಾಗೆ. ಸಮುದ್ರದ ಕಡೆ ಜಗುಲಿ, ತೂಗುಕುರ್ಚಿ. ನನಗೊಂದು ಕೇಕ್ ಮಾಡು. ಏನು ಬೇಕಾದರೂ ಬರಿ, ಆ ಪದ ಒಂದು ಬೇಡ."

ದಪ್ಪ ಪುಸ್ತಕ ತೆಗೆದೆ. ಅದರಲ್ಲಿದ್ದದ್ದೆಲ್ಲ ಬಿಡುವ, ಇಳಿಯುವ, ಹಿಂದೆ ಸರಿಯುವ ಮಾತು. ನಮ್ಮ ಕಡೆ ಹೊಸ್ತಿಲು ದಾಟುವಾಗ 'ಹೋಗ್ತೀನಿ' ಎನ್ನುವುದುಂಟೆ? 'ಹೋಗಿ ಬರ್ತೀನಿ' ಎನ್ನಬೇಕು. ಪುಸ್ತಕ ಮುಚ್ಚಿ, ಕೇಕಿನ ಮೇಲೆ ಬರೆದೆ: 'ಗೋ ಅಂಡ್ ಕಮ್.'

ಅವರು ಓದಿ ಅತ್ತರು. "ಯಾವ ಪುಸ್ತಕದ್ದು ಇದು?"

"ನಮ್ಮಮ್ಮನ ಬಾಯಿಂದು."

ಪತ್ರಗಳಿಗೆ ಸಹಿಯಾಯಿತು. ಬೀಗದ ಕೈ ನನ್ನ ಕೈಗೆ ಬಂತು. ಭಾವ ಎರಡು ತುಂಡು ಕೇಕು ತಿಂದು, ನೆರೆದವರ ಮುಂದೆ, "ನಾನು ಆವತ್ತೇ ಹೇಳಿದ್ದೆ, ಇವಳು ಸಾಧಿಸ್ತಾಳೆ ಅಂತ" ಎಂದರು.

ಮರುವಾರ ಬೆಳಿಗ್ಗೆ ಆವಿ ಕಟ್ಟಿದ ಗಾಜಿನ ಮೇಲೆ ಹೆಸರು ಬರೆಯಲು ಬೆರಳೆತ್ತಿದೆ. ಇನ್ನು ಆ ಕೆಲಸ ಬೇಕಿಲ್ಲವೆಂದು ನೆನಪಾಗಿ ನಕ್ಕೆ. ಅಷ್ಟರಲ್ಲಿ ಗಾಜಿನ ಆಚೆ ಮಂಜಿನಲ್ಲಿ ಯಾರೋ ನಿಂತಂತೆ ಕಂಡಿತು. ಕನಸಿರಬೇಕೆಂದು ಒರೆಸಿ ನೋಡಿದೆ. ಏಪ್ರನ್ ಕಟ್ಟಿಕೊಂಡು ಯಜಮಾನಿ!

"ತಂಗಿ ಬೆಳಗಿಂದ ಸಂಜೆವರೆಗೆ ಹವಾಮಾನದ ಮಾತೊಂದೇ ಆಡ್ತಾಳೆ" ಎಂದರು. "ಗೋ ಆಯ್ತು. ಈಗ ಕಮ್. ನೀನೇ ಬರೆದಿದ್ದು."

ಈಗ ಈ ಅಂಗಡಿ ನನ್ನದು. ಎರಡು ಓವನ್, ಉದ್ದನೆಯ ಕೌಂಟರ್, ಕರಗದ ಬಣ್ಣದಲ್ಲಿ ನನ್ನ ಹೆಸರಿರುವ ಬೋರ್ಡು, ಎಲ್ಲ ನನ್ನವು. ತವರಿನ ಬಳೆ ಅಂಗಡಿಯ ಬೆಲೆಗೆ ಹೋದವು, ಅಷ್ಟು ವರ್ಷಗಳ ಬೆಳಗಿನ ನಿದ್ದೆ ಹೋಯಿತು, ದುಃಖವಿಲ್ಲ. ಕಿಟಕಿ ಪಕ್ಕದ ಸ್ಟೂಲು ಒಂದು ಮಾತ್ರ ಇನ್ನೂ ನನ್ನದಾಗಿಲ್ಲ. ಅದರ ಮೇಲೆ ಕುಳಿತವರು ದಿನಾ ನನ್ನ ಕೇಕಿಗೆ ಸಕ್ಕರೆ ಜಾಸ್ತಿಯಾಯಿತು ಎನ್ನುತ್ತಾರೆ, ಸಂಜೆ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ನನ್ನಿಂದ ಕಲಿತ ಅಚ್ಚ ಕನ್ನಡದಲ್ಲಿ, "ಹೋಗಿ ಬರ್ತೀನಿ" ಎನ್ನುತ್ತಾರೆ.

ಬಂದೇ ಬರುತ್ತಾರೆ.