ಮಷೀನಿಗೆ ಗಂಜಿ ಕುಡಿಸಿದ್ದು

ವಾಷಿಂಗ್ ಮಷೀನು ಕೆಟ್ಟಿರಲಿಲ್ಲ. ನಾನು ಅದಕ್ಕೆ ಗಂಜಿ ಕುಡಿಸಿದ್ದೆ, ಅದು ಕುಡಿದು ಮಲಗಿತ್ತು. ಕರೆಂಟಿನ ದೋಷ ಎಂದರು, ಇಲಿ ಹೊಕ್ಕಿದೆ ಎಂದರು, ಅಂಗಡಿಯವನ ಮೋಸ ಎಂದರು. ಯಾವುದೂ ಅಲ್ಲ.

ನನ್ನ ಸೊಸೆ ಸುಜಾತಾಗೆ ಆ ವರ್ಷ ಸರ್ಕಾರಿ ನರ್ಸ್ ಕೆಲಸ ಸಿಕ್ಕಿತ್ತು. ಅಲ್ಲಿಯವರೆಗೆ ಗುಂಡ್ಲುಪೇಟೆಯಲ್ಲೇ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನೀಲಿ ಚೂಡಿದಾರ ಹಾಕಿಕೊಂಡು ದುಡಿಯುತ್ತಿದ್ದಳು. ಇನ್ನು ಮೇಲೆ ಬಿಳಿ ಸೀರೆ ಉಟ್ಟು ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೋಗಬೇಕು. ನಮ್ಮ ಪೇಟೆಯಲ್ಲಿ ಬರೀ ಬಿಳಿ ಸೀರೆ ಕೇಳಿದರೆ, ಯಾರು ಹೋದರು ಎಂದು ವಿಚಾರಿಸುತ್ತಾರೆ. ಹಾಗಾಗಿ ಮೈಸೂರಿನಿಂದ ಎರಡು ತರಿಸಿದೆವು.

ಹೊಸ ಬಟ್ಟೆಯ ಅಂಚಿಗೆ ಅರಿಶಿನ ಮುಟ್ಟಿಸದೆ ಉಡಬಾರದು. ಮುಟ್ಟಿಸಿದೆ. ನಮ್ಮ ಕಡೆಯ ಅರಿಶಿನ, ಕೇಳಬೇಕೆ? ಒಂದು ಬೊಟ್ಟು ಇಟ್ಟರೆ ಅಂಗೈಯಗಲ ಹರಡಿತು. ಸುಜಾತಾ ನೋಡಿದಳು. ಅವಳು ಬೈಯುವವಳಲ್ಲ, ಉಸಿರು ಬಿಡುವವಳು. ಉಸಿರು ಬಿಟ್ಟಳು.

ಮಾರನೆಯ ದಿನ ಹಾಜರಾಗಬೇಕು. ಆವತ್ತು ಬೆಳಿಗ್ಗೆ ಅವಳು ನರ್ಸಿಂಗ್ ಹೋಮಿನ ಕೊನೆಯ ಡ್ಯೂಟಿಗೆ ಹೊರಟಳು. ಎರಡೂ ಸೀರೆ ಮಷೀನಿನೊಳಗಿವೆ, ಕಲೆ ಹೋಗಲೆಂದು ಬಿಸಿನೀರಿಗೆ ಇಟ್ಟಿದ್ದೇನೆ, ಕರೆಂಟು ಬಂದ ಮೇಲೆ ಸ್ವಿಚ್ ಒತ್ತಿದರೆ ಸಾಕು, ಬೇರೇನೂ ಮುಟ್ಟಬೇಡಿ ಎಂದು ಹೇಳಿಹೋದಳು.

ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಮಷೀನಿನಿಂದ ಬಂದ ಬಟ್ಟೆ ಬೇಯಿಸಿದ ದಂಟಿನ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತದೆ. ದೊಡ್ಡ ಡಾಕ್ಟರ ಮುಂದೆ ನನ್ನ ಸೊಸೆ ಸೊಪ್ಪಿನ ಹಾಗೆ ನಿಲ್ಲುವುದೆ? ಸೀರೆಗೆ ಗಂಜಿ ಬೀಳಲೇಬೇಕು. ಗಂಜಿ ಕಾಯಿಸಲು ಗ್ಯಾಸ್ ಯಾಕೆ ಸುಡಬೇಕು? ನೀರು ಕಾಯಿಸುವ ಯಂತ್ರವೇ ಮನೆಯಲ್ಲಿದೆ. ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸೋಪಿನ ಪುಡಿ ಹಾಕುವ ಡ್ರಾಯರಿಗೆ ಸುರಿದೆ. ಎರಡು ಸೀರೆಗೆ ಎಷ್ಟು ಹಿಟ್ಟು ಬೇಕೆಂದು ನನಗೆ ಗೊತ್ತು. ಯಂತ್ರ ಸ್ವಲ್ಪ ತಾನೂ ತಿನ್ನಬಹುದು ಎಂದು ಇನ್ನೊಂದು ಪಾವು ಸೇರಿಸಿದೆ.

ಸ್ವಿಚ್ ಒತ್ತಿದೆ. ನಮ್ಮದು ಮುಂದೆ ಗಾಜಿನ ಬಾಗಿಲಿರುವ ಮಷೀನು. ಒಳಗೆ ನೀರಿರುವ ತನಕ ಬಾಗಿಲು ತೆಗೆಯುವುದಿಲ್ಲ. ಮೊದಲು ಚೆನ್ನಾಗಿಯೇ ತಿರುಗಿತು. ಆಮೇಲೆ ಮುದ್ದೆ ತಿರುವುವವರ ಕೈ ಸೋತ ಹಾಗೆ ನಿಧಾನವಾಯಿತು. ಹೂಂ ಎಂದು ನರಳಿ ನಿಂತಿತು. ನೀರು ಹೊರಗೆ ಬರಲಿಲ್ಲ. ಬಟ್ಟೆ ಹಿಂಡಲಿಲ್ಲ. ಕೆಂಪು ದೀಪ ಮಾತ್ರ ಕಣ್ಣು ಹೊಡೆಯುತ್ತಿತ್ತು. ಗಾಜಿನ ಹಿಂದೆ ಎರಡು ಸೀರೆ, ಪಾಯಸದಲ್ಲಿ ಮುಳುಗಿದ ಶಾವಿಗೆಯಂತೆ ಕಂಡವು.

ನಮ್ಮ ಯಜಮಾನರು ಬಂದರು. ಅವರು ಆಯುಷ್ಯವೆಲ್ಲ ಈರುಳ್ಳಿ ಲಾರಿಯನ್ನು ಕೇರಳಕ್ಕೆ ಓಡಿಸಿದವರು. ಲೋಕದಲ್ಲಿ ಏನು ನಿಂತರೂ ಅವರಿಗೆ ಅದು ಲಾರಿ ನಿಂತ ಹಾಗೆ. ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ತೀರ್ಮಾನ ಕೊಟ್ಟರು. ಮಷೀನಿಗೆ ಒಂದು ಒದೆ ಕೊಟ್ಟರು. ಹಿಂದಿನ ಪೈಪನ್ನು ಬಾಯಿಗಿಟ್ಟು, ಡೀಸೆಲ್ ಎಳೆದ ಹಾಗೆ ಎಳೆದರು. ಬೇಡ ಎನ್ನಲು ನಾನು ಬಾಯಿ ತೆಗೆದೆ. ತೆಗೆದರೆ ನನ್ನ ಗುಟ್ಟು ಹೊರಬೀಳುತ್ತದೆ. ಮುಚ್ಚಿದೆ.

ಅವರು ಗುಟುಕರಿಸಿದರು. ಸ್ವಲ್ಪ ಹೊತ್ತು ಯೋಚಿಸಿದರು.

"ಇದೇನಮ್ಮಿ, ಗಂಜಿ ಇದ್ದಂಗದಲ್ಲ."

"ಸೋಪಿನ ನೀರು ಅಂಗೇ ಇರೋದು," ಎಂದೆ.

"ಮದ್ವೆ ಆದಾಗಿಂದ ನಿನ್ ಕೈ ಗಂಜಿ ಕುಡ್ದಿವ್ನಿ ಕಣಮ್ಮಿ. ನಂಗೊತ್ತಾಗಕಿಲ್ವಾ? ಉಪ್ಪೊಂದಿಲ್ಲ, ಅಷ್ಟೇಯ."

ಹೀಗೆ ಸತ್ಯ ರುಚಿಯಿಂದ ಸಾಬೀತಾಯಿತು. ಅವರು ಚಾಮರಾಜನಗರದ ಮೆಕ್ಯಾನಿಕ್ಕಿಗೆ ಫೋನು ಮಾಡಿ, ನಮ್ಮೋಳು ಮಷೀನೊಳಗೆ ಅಡುಗೆ ಮಾಡ್ಬುಟ್ಟವ್ಳೆ ಎಂದು ವರದಿ ಒಪ್ಪಿಸಿದರು. ಆ ಕಡೆಯವನು ಅದನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಅವನು, ಬರುವುದು ನಾಡಿದ್ದು, ಅಷ್ಟರೊಳಗೆ ಬೇಕಿದ್ದರೆ ಕೆಳಗಿರುವ ಸಣ್ಣ ಮುಚ್ಚಳ ತೆಗೆದು ಒಳಗಿನ ತಿರುಪು ಬಿಚ್ಚಿ, ನೀರು ಬರುತ್ತದೆ, ಏನಾದರೂ ಹಿಡಿಯಿರಿ ಎಂದ.

ಊಟದ ತಟ್ಟೆ ಹಿಡಿದೆವು.

ನೀರು ಓಡುತ್ತದೆ, ಗಂಜಿ ನಡೆಯುತ್ತದೆ. ಅವಸರವಿಲ್ಲದೆ ಬಂದು ತಟ್ಟೆ ತುಂಬಿತು, ಹಜಾರ ದಾಟಿತು, ಹೊಸಿಲಿನಲ್ಲಿ ಒಂದು ಕ್ಷಣ ನಿಂತು ಬೀದಿಗಿಳಿಯಿತು. ಯಜಮಾನರು ಅಡ್ಡಹಾಕಲು ಹೋಗಿ ಅದರ ಮೇಲೆ ಕೂತರು. ಏಳಲು ಹೋಗಿ ಮತ್ತೆ ಕೂತರು. ಪಕ್ಕದ ಮನೆಯ ಮರಿಯಮ್ಮ ವಯನಾಡಿನವರು. ಇಣುಕಿ ನೋಡಿ, ಇಷ್ಟೊಂದು ಕಂಜಿ ಯಾರಿಗೆ ಮಾಡಿದ್ದಿರಿ ಎಂದು ಕೇಳಿದರು. ಬೀದಿನಾಯಿ ನೆಕ್ಕಿ ನೋಡಿತು. ಅದಕ್ಕೂ ಬೇಡವಾಯಿತು.

ಕಡೆಗೆ ಬಾಗಿಲು ಟಕ್ಕೆಂದಿತು. ಹಸುವಿನ ಹೊಟ್ಟೆಯಿಂದ ಕರು ಎಳೆದ ಹಾಗೆ ಇಬ್ಬರೂ ಸೇರಿ ಸೀರೆಗಳನ್ನು ಎಳೆದೆವು. ಅದು ನಲ್ಲಿ ನೀರು ಬಿಡುವ ದಿನವಲ್ಲ. ಕುಡಿಯುವ ನೀರಿನ ಬಿಂದಿಗೆಯನ್ನೂ ಖಾಲಿ ಮಾಡಿ ಜಾಲಾಡಿದೆವು. ಅರಿಶಿನದ ಕಲೆ ಹೋಗಿತ್ತು. ಅಥವಾ ಗಂಜಿಯ ಕೆಳಗೆ ಎಲ್ಲೋ ಇತ್ತು.

ಸಂಜೆ ಸುಜಾತಾ ಬಂದಳು. ಹಗ್ಗದ ಮೇಲಿನ ಸೀರೆ ನೋಡಿದಳು, ನೆಲ ನೋಡಿದಳು, ನನ್ನನ್ನು ನೋಡಿದಳು. ಈ ಸಲ ಉಸಿರನ್ನೂ ಬಿಡಲಿಲ್ಲ. ಜಗಲಿಯ ಮೇಲೆ ಕೂತುಬಿಟ್ಟಳು.

"ಆರು ವರ್ಸ ಕಾದಿದ್ದೆ ಅತ್ತೆಮ್ಮ, ಈ ಕೆಲ್ಸಕ್ಕೆ. ಒಂದಿನ ನೀವು ಸುಮ್ಕೆ ಕೂತಿದ್ರೆ ಸಾಕಾಗಿತ್ತು."

ನಾನು ಹೋಗಿ ನೆಲದ ಗಂಜಿ ಕೆರೆಯತೊಡಗಿದೆ.

ಮಾರನೆಯ ಬೆಳಿಗ್ಗೆ ಒಂದು ಸೀರೆ ಹರಿದುಕೊಂಡೇ ಹಗ್ಗ ಬಿಟ್ಟಿತು. ಇನ್ನೊಂದನ್ನು ಗೋಡೆಗೆ ಒರಗಿಸಿದರೆ ತಾನೇ ನಿಂತಿತು. ಅದನ್ನು ಅವಳಿಗೆ ಉಡಿಸಿದೆವು ಎನ್ನಲಾರೆ. ಅವಳ ಸುತ್ತ ಮಡಚಿದೆವು. ನಡೆದರೆ ಹಪ್ಪಳ ಮುರಿದ ಸದ್ದು. ಒಂದೊಂದು ಹೆಜ್ಜೆಗೂ ಗಂಜಿಯ ಚಕ್ಕೆ ಎದ್ದು ಬರುತ್ತಿತ್ತು. ಅವಳು ಕರೆಯಲಿಲ್ಲ, ನಾನೇ ಬಸ್ಸು ಹತ್ತಿದೆ. ಸೀರೆ ಬಗ್ಗದೆ ಅವಳು ಕೂರಲಾಗದೆ ನಿಂತೇ ಇದ್ದಳು. ಹಿಂದಿನ ಸೀಟಿನಲ್ಲಿ ಕೂತು, ಚಾಮರಾಜನಗರದ ತನಕ ಅವಳ ಬೆನ್ನಿನಿಂದ, ನೆರಿಗೆಯಿಂದ, ಹೇನು ಹೆಕ್ಕುವ ಹಾಗೆ ಒಂದೊಂದೇ ಚಕ್ಕೆ ಕಿತ್ತು ನನ್ನ ಸೆರಗಿಗೆ ಹಾಕಿಕೊಂಡೆ. ಕಂಡಕ್ಟರು ನೋಡಿ, ಏನೂ ಕೇಳದೆ ಮುಂದೆ ಹೋದ.

ಆಸ್ಪತ್ರೆಯ ಗೇಟಿನ ಹತ್ತಿರ ಅವಳು, ನೀವು ಇಲ್ಲೇ ಇರಿ ಎಂದು ಕೈಮುಗಿದು ಒಳಗೆ ಹೋದಳು. ನಾನು ಕಾಂಪೌಂಡಿಗೆ ಒರಗಿ ಕೂತೆ. ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೋ, ಹೋಗಿ ಸೀರೆ ಬದಲಿಸಿ ಬಾ ಎಂದು ಓಡಿಸುತ್ತಾರೋ ಎಂದು ಬಾಗಿಲನ್ನೇ ನೋಡುತ್ತ, ಚಕ್ಕೆ ಒದರಲೆಂದು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದೆ. ಒಳಗೆ ಹೋಗುತ್ತಿದ್ದ ಒಬ್ಬ ಪುಣ್ಯಾತ್ಮ ಅದಕ್ಕೆ ಒಂದು ರೂಪಾಯಿ ಹಾಕಿ, ನನ್ನ ಕಡೆ ತಿರುಗಿಯೂ ನೋಡದೆ ಹೋದ.

ಸ್ವಲ್ಪ ಹೊತ್ತಿಗೆ ಸುಜಾತಾ ಬಂದಳು. ಸೇರಿಸಿಕೊಂಡರಂತೆ. ಕೂತ್ಕೊಳ್ಳಮ್ಮ ಎಂದರೂ ಕೂರದೆ ನಿಂತಿದ್ದಕ್ಕೆ, ಬಹಳ ವಿನಯದ ಹುಡುಗಿ ಎಂದರಂತೆ. ನನ್ನ ಕೈಯಲ್ಲೇನು ಎಂದು ಕೇಳಿದಳು. ರೂಪಾಯಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ. ಒಂದೇ ಮನೆಯ ಇಬ್ಬರು ಒಂದೇ ದಿನ, ಒಂದೇ ಆಸ್ಪತ್ರೆಯಲ್ಲಿ ಸಂಪಾದನೆಗೆ ನಿಂತದ್ದು ಸಣ್ಣ ಮಾತಲ್ಲ!