ಆರ್ಮೇನಿಯಾದ ಗುಡಿಗೆ ಇಳಿದವರು ಯಾರು?

ಗಂಡ ಸುಳ್ಳು ಹೇಳಿದರೆ ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸುಳ್ಳು ಅವರ ಸ್ವಂತದ್ದು, ಅವರೇ ನಿಭಾಯಿಸಲಿ. ಆದರೆ ನನಗಾದದ್ದನ್ನು ತಮಗಾಯಿತೆಂದು ನಾಲ್ಕು ಜನರ ಮುಂದೆ, ಅದೂ ನಾನು ಪಕ್ಕದಲ್ಲೇ ಕೂತಿರುವಾಗ ಹೇಳುತ್ತಾರಲ್ಲ, ಅದನ್ನು ನನ್ನಿಂದ ಸಹಿಸಲಾಗದು. ಆಸ್ಪತ್ರೆಯಲ್ಲಿ ರೋಗಿಗಳು ಬೈದರೂ ನಗುತ್ತ ಕೇಳುವ ಡಾಕ್ಟರು ನಾನು. ಹಾಗೆ ಅಲ್ಲಿ ಉಳಿದ ಸಿಟ್ಟೆಲ್ಲ ಲಂಡನ್ನಿನ ಹೌನ್ಸ್ಲೋದ ನಮ್ಮ ಮನೆಯಲ್ಲೇ ಖರ್ಚಾಗಬೇಕು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ವಾರ್ಡಿನಲ್ಲಿ ಅನಾಹಿತ್ ಎಂಬ ಆರ್ಮೇನಿಯಾದ ನರ್ಸ್ ಇದ್ದಳು. ತನ್ನ ಊರಿನ ಹತ್ತಿರ, ಕ್ರೈಸ್ತ ಧರ್ಮ ಬರುವುದಕ್ಕೂ ಮೊದಲಿನ ದೇವಸ್ಥಾನವೊಂದು ಪಾಳುಬಿದ್ದಿದೆ ಎಂದು ಅವಳು ಎಷ್ಟು ವರ್ಣಿಸಿದಳೆಂದರೆ, ಆ ಬೇಸಿಗೆಯ ರಜೆಗೆ ಅಲ್ಲಿಗೇ ಹೋಗಬೇಕೆಂದು ನಾನು ಹಟ ಹಿಡಿದೆ. ನಮ್ಮ ಯಜಮಾನರು ರಂಗನಾಥ ಮೈಸೂರಿನವರು, ಕಂಪ್ಯೂಟರ್ ಕೆಲಸ. "ಪಾಳು ಗುಡಿ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮಲ್ಲೇ ಬೇಕಾದಷ್ಟಿವೆ" ಎಂದು ವಿಮಾನ ಹತ್ತುವವರೆಗೂ ಗೊಣಗಿದರು.

ಗುಡಿ ಇದ್ದದ್ದು ಕಣಿವೆಯೊಳಗೆ ಚಾಚಿಕೊಂಡಿದ್ದ ಬಂಡೆಯ ಮೇಲೆ. ರಸ್ತೆಯಿಂದ ಕಡಿದಾದ ಕಾಲುದಾರಿಯಲ್ಲಿ ಇಳಿಯಬೇಕು. ಕಾರು ನಿಂತಿತು. ಯಜಮಾನರು ಕಿಟಕಿಯಿಂದ ಒಮ್ಮೆ ಕೆಳಗೆ ಬಗ್ಗಿ ನೋಡಿ ಮತ್ತೆ ಸೀಟಿಗೆ ಒರಗಿದರು. "ಸುಧಾ, ನನ್ನ ಮಂಡಿ ಯಾಕೋ ಸರಿಯಿಲ್ಲ. ನೀನೇ ಹೋಗಿ ನೋಡ್ಕೊಂಡು ಬಾ" ಎಂದರು. ಆ ಮಂಡಿಯನ್ನು ನಾನು ಬಲ್ಲೆ. ಪ್ರಪಾತ ಕಂಡಾಗ ಮಾತ್ರ ನೋಯುವ ಮಂಡಿ ಅದು. ಡ್ರೈವರ್ ಕೊಟ್ಟ ಏಪ್ರಿಕಾಟ್ ಹಣ್ಣಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವರು ಕಾರಿನಲ್ಲೇ ಉಳಿದರು. ನಾನು ಕ್ಯಾಮೆರಾ ಹೆಗಲಿಗೇರಿಸಿ ಇಳಿದೆ. ಒಂದು ಕಡೆ ಜಾರಿಬಿದ್ದು ಮೊಣಕೈ ತರಚಿತು. ಎಲ್ಲ ನೋಡಿ, ಫೋಟೋ ತೆಗೆದು, ಏದುಸಿರು ಬಿಡುತ್ತ ಹತ್ತಿ ಬಂದಾಗ ಇವರು ಬಾಯಿ ತೆರೆದು ನಿದ್ದೆ ಹೋಗಿದ್ದರು. ಚೀಲದಲ್ಲಿ ಬರೀ ಬೀಜಗಳಿದ್ದವು.

ಲಂಡನ್ನಿಗೆ ಮರಳಿದ ಮೇಲೆ, ಕ್ವೀನ್ಸ್‌ಬರಿಯ ಗೆಳತಿ ವಿಶಾಲಾ ಮನೆಯಲ್ಲಿ ನಮ್ಮವರೆಲ್ಲ ಊಟಕ್ಕೆ ಸೇರಿದ್ದೆವು. ಬಿಸಿಬೇಳೆ ಬಾತಿನ ತಟ್ಟೆ ಹಿಡಿದುಕೊಂಡು ಇವರು ಶುರು ಮಾಡಿದರು. "ಇಳೀತಾ ಇದ್ದೀವಿ, ಇಳೀತಾ ಇದ್ದೀವಿ, ಪಕ್ಕದಲ್ಲೇ ಪ್ರಪಾತ. ಇವಳು ಜಾರಿಬಿಟ್ಲು. ನಾನು ಕೈ ಹಿಡಿದೆ, ಇಲ್ದಿದ್ರೆ ಕಥೆ ಮುಗೀತಿತ್ತು." ಸಾಕ್ಷಿಗೆಂದು ನನ್ನ ಮೊಣಕೈಯನ್ನೇ ಎತ್ತಿ ತೋರಿಸಿದರು. ಫೋಟೋಗಳು ಕೈಯಿಂದ ಕೈಗೆ ಹೋದವು. "ನೀವು ಒಂದರಲ್ಲೂ ಇಲ್ವಲ್ಲ?" ಎಂದು ವಿಶಾಲಾ ಕೇಳಿದರು. "ತೆಗೆದವನು ನಾನಲ್ವಾ" ಎಂದರು ಇವರು. "ಮತ್ತೆ ಸುಧಾನೂ ಇಲ್ವಲ್ಲ?" ಎಂದದ್ದಕ್ಕೆ, "ಪಾಪ, ಅವಳು ಕೈ ನೋವು ಅಂತ ಕೂತುಬಿಟ್ಟಿದ್ಲು." ವಿಶಾಲಾ ನನ್ನ ಬೆನ್ನು ಸವರಿ, "ನಿಮ್ಮ ಪುಣ್ಯ, ಜೊತೆಗೆ ಇವರಿದ್ರು" ಎಂದರು.

ಸಿಟ್ಟು ನೆತ್ತಿಗೇರಿದರೆ ನನ್ನ ಲಂಡನ್ ಕನ್ನಡವೆಲ್ಲ ಉದುರಿ ಧಾರವಾಡ ಹೊರಬೀಳುತ್ತದೆ. "ಸುಳ್ಳ ಹೇಳಬ್ಯಾಡ್ರಿ. ನೀವು ಕಾರಿನ್ಯಾಗ ಕುಂತು ಹಣ್ಣು ತಿಂದು ನಿದ್ದಿ ಹೊಡದೀರಿ. ಇಳದಾಕಿ ನಾ, ಬಿದ್ದಾಕಿ ನಾ, ಫೋಟೋ ತಗದಾಕಿನೂ ನಾನ."

ಇವರು ತಟ್ಟೆ ನೋಡುತ್ತ, "ಹೌದು" ಎಂದರು ಸಣ್ಣಗೆ. ಕಿವಿ ಕೆಂಪಾಗಿತ್ತು.

"ಹಾಗಾದ್ರೆ ನೀವೇ ಹೇಳಿ ಡಾಕ್ಟ್ರೇ, ಅಲ್ಲಿ ಏನಿತ್ತು?" ಎಂದರು ವಿಶಾಲಾ.

ಎಲ್ಲರೂ ನನ್ನ ಕಡೆ ತಿರುಗಿದರು. ಬಿಸಿಲಿಗೆ ಬೆಚ್ಚಗಾಗಿದ್ದ ಕಂಬವೊಂದು ಮಲಗಿದ ಹಸುವಿನಂತೆ ಬಿದ್ದುಕೊಂಡಿದ್ದದ್ದು, ಕಲ್ಲಿನಲ್ಲಿ ಕೆತ್ತಿದ ದಾಳಿಂಬೆ ಅರ್ಧ ಮುಕ್ಕಾಗಿದ್ದದ್ದು, ದೇವರೇ ಇಲ್ಲದ ಗರ್ಭಗುಡಿಯ ಹೊಸ್ತಿಲಲ್ಲಿ ನಾನು ಯಾಕೋ ಬೂಟು ಕಳಚಿ ನಿಂತದ್ದು, ಎಲ್ಲ ನೆನಪಿಗೆ ಬಂತು. ಬಾಯಿಂದ ಬಂದದ್ದು ಮಾತ್ರ, "ಕಲ್ಲಿದ್ವು. ಭಾಳ ಗಾಳಿ ಇತ್ತು."

"ಆಮೇಲೆ?"

"ಆಮ್ಯಾಲೆ ಹತ್ತಿ ಬಂದೆ."

ಇಬ್ಬರು ಮೊಸರನ್ನಕ್ಕೆಂದು ಎದ್ದರು. ನನ್ನ ಕಥೆ ಕದ್ದವರ ಮೇಲಿದ್ದ ಸಿಟ್ಟು ಈಗ ನನ್ನ ನಾಲಗೆಯ ಮೇಲೂ ಬಂತು. ಇವರು ಹೆದರುತ್ತಲೇ ನನ್ನ ಮುಖ ನೋಡಿದರು. "ಹೇಳ್ರಿ ಇನ್ನ" ಎಂದು ಗದರಿದೆ.

ಅವರು ತಟ್ಟೆ ಕೆಳಗಿಟ್ಟರು. ಗುಡಿ ನೋಡಿ ಬಂದ ಸಂಜೆ ಹೋಟೆಲಿನಲ್ಲಿ ನಾನು ಹರಕು ಮುರುಕಾಗಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಜೋಡಿಸಿ ಹೇಳಿದರು. ಟಿವಿ ನೋಡುತ್ತಿದ್ದಾರೆ, ಕೇಳಿಸಿಕೊಳ್ಳುತ್ತಿಲ್ಲ ಎಂದು ಆವತ್ತು ಬೈದಿದ್ದೆ. "ಸುಧಾ ಬೂಟು ಕಳಚಿ ಹೊಸ್ತಿಲಲ್ಲಿ ನಿಂತಳು. ಒಳಗೆ ದೇವರಿಲ್ಲ. ಮೇಲೆ ನೋಡಿದ್ರೆ ಚಾವಣಿಯೂ ಇಲ್ಲ, ಬರೀ ಆಕಾಶ. ಅಲ್ಲೊಂದು ಹದ್ದು ಸುತ್ತುತಾ ಇತ್ತು." ಮೊಸರನ್ನಕ್ಕೆ ಎದ್ದವರು ಬಾಗಿಲಲ್ಲೇ ನಿಂತರು.

ಹದ್ದು ಇರಲಿಲ್ಲ. ನಾನು ಹೇಳಿದ್ದರಲ್ಲೂ ಇರಲಿಲ್ಲ.

"ನೀವು ಹದ್ದು ನೋಡಿದ್ರಾ ಡಾಕ್ಟ್ರೇ?" ಎಂದು ವಿಶಾಲಾ ನನ್ನನ್ನೇ ಕೇಳಿದರು.

"ನೋಡದ ಏನು?" ಎಂದೆ, ಸಿಟ್ಟಿನಿಂದಲೇ. "ಇವರಿಗೆ ಏನೂ ನೆನಪಿರೂದಿಲ್ಲ. ಎರಡಿದ್ವು."